ಗೆದ್ದಲು, ಬ್ಯಾಕ್ಟೀರಿಯಾ, ಲಾವಂಚ: ನೆಲ ಬಿಗಿಯುವ ಜೀವಿಗಳು

ಮುಂಗಾರು, ಹಿಂಗಾರು ಎರಡೂ ಸುರಿದು ಹೋದ ಮೇಲೂ ಹೊಲದ ಬದುವಿನ ಹುತ್ತ ನಿಂತಲ್ಲೇ ನಿಂತಿರುತ್ತದೆ. ಅದರ ಪಕ್ಕದಲ್ಲಿ ನಾವು ಗುಡ್ಡೆ ಹಾಕಿದ ಅದೇ ಹೊಲದ ಮಣ್ಣು ನಾಲ್ಕು ಮಳೆಗೆ ಕರಗಿ ಕಾಲುವೆ ಸೇರಿರುತ್ತದೆ. ಮಣ್ಣೂ ಒಂದೇ, ಮಳೆಯೂ ಒಂದೇ. ಹಾಗಾದರೆ ಗೆದ್ದಲು ಆ ಮಣ್ಣಿಗೆ ಏನು ಮಾಡಿತು?

ಈ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಯೋಗಾಲಯಕ್ಕೆ ಒಯ್ದಿದೆ. ಪರಿಸರ ವಿಜ್ಞಾನಿ ರೆನೀ ಬೋರ್ಜೆಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡ, ನಮ್ಮ ಕಡೆ ಎತ್ತರದ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಗೆದ್ದಲಿನ ಕೆಲಸವನ್ನು ಹತ್ತಿರದಿಂದ ನೋಡಿ, 2016–17ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲಸಗಾರ ಗೆದ್ದಲು ಹಸಿ ಮಣ್ಣನ್ನು ಬಾಯಿಂದ ಎತ್ತಿ, ತನ್ನ ಸ್ರಾವ ಬೆರೆಸಿ ಪುಟ್ಟ ಉಂಡೆ ಕಟ್ಟುತ್ತದೆ. ಉಂಡೆಯ ಪಕ್ಕ ಉಂಡೆಯನ್ನು ಒತ್ತಿ ಕೂರಿಸುತ್ತ ಹೋಗುತ್ತದೆ. ಮಣ್ಣು ತೀರಾ ಒಣಗಿದ್ದರೂ ಆಗದು, ಕೆಸರಾಗಿದ್ದರೂ ಆಗದು. ಉಂಡೆ ಕಟ್ಟಲು ಬರುವಷ್ಟೇ ತೇವ ಇರಬೇಕು. ಹುತ್ತದ ಮಣ್ಣನ್ನೂ ಗೆದ್ದಲು ಮುಟ್ಟದ ಅದೇ ಮಣ್ಣನ್ನೂ ಪರೀಕ್ಷಿಸಿದಾಗ ಹುತ್ತದ್ದು ಸುಮಾರು ಹತ್ತು ಪಟ್ಟು ಗಟ್ಟಿಯಾಗಿತ್ತು. ಬೆಂಕಿಯಿಲ್ಲ, ಸಿಮೆಂಟಿಲ್ಲ. ಕಣಗಳ ನಡುವೆ ಒಂದಿಷ್ಟು ಅಂಟು ಬಿದ್ದಿದೆ, ಒಣಗಿದೆ, ಅಷ್ಟೇ.

ಮಣ್ಣಿನ ಬಲ ಎಲ್ಲಿರುತ್ತದೆ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಮರಳಿನ ಒಂದೊಂದು ಕಣವೂ ಬೆಣಚುಕಲ್ಲು. ಅದನ್ನು ಒಡೆಯುವುದು ಸುಲಭವಲ್ಲ. ಆದರೂ ಮರಳಿನ ರಾಶಿ ಕಾಲಿಟ್ಟರೆ ಜಾರುತ್ತದೆ, ಏಕೆಂದರೆ ಒಂದು ಕಣ ಇನ್ನೊಂದನ್ನು ತಾಗುವ ಜಾಗದಲ್ಲಿ ಹಿಡಿತವಿಲ್ಲ. ನೆಲ ಕುಸಿಯುವುದು, ಕಟ್ಟಡ ವಾಲುವುದು, ಗುಡ್ಡ ಜಾರುವುದು ಎಲ್ಲವೂ ಮೊದಲಾಗುವುದು ಈ ತಾಗುವ ಜಾಗಗಳಲ್ಲಿ. ನಾವು ಸಾಮಾನ್ಯವಾಗಿ ಮಾಡುವುದೇನು? ರೋಲರ್ ಹೊಡೆಸುತ್ತೇವೆ, ಆಳಕ್ಕೆ ಪೈಲ್ ಎಂಬ ಆಧಾರಕಂಬ ಇಳಿಸುತ್ತೇವೆ, ಅಥವಾ ಸಿಮೆಂಟ್ ಹಾಲನ್ನು ಒತ್ತಡದಲ್ಲಿ ನೆಲದೊಳಕ್ಕೆ ತುಂಬುತ್ತೇವೆ. ಕೆಲಸ ಆಗುತ್ತದೆ. ಆದರೆ ಸಿಮೆಂಟಿನ ಕ್ಲಿಂಕರ್ ಬೇಯಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7–8ರಷ್ಟು ಸಿಮೆಂಟ್ ತಯಾರಿಕೆಯದೇ. ತಾಗುವ ಜಾಗದಲ್ಲಷ್ಟೇ ಅಂಟು ಸಾಕಾಗಿರುವಾಗ ಕಣಗಳ ನಡುವಿನ ಇಡೀ ಸಂದನ್ನು ತುಂಬುವುದು ದುಂದು ಎಂಬ ಯೋಚನೆಯಿಂದ ಹೊಸ ಶಾಖೆಯೊಂದು ಬೆಳೆದಿದೆ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಕವಜಾಂಜಿಯನ್ ಅವರ ನೇತೃತ್ವದಲ್ಲಿ 2015ರಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವೊಂದು ಶುರುವಾಯಿತು.

ಈ ಶಾಖೆಯಲ್ಲಿ ಹೆಚ್ಚು ದೂರ ಬಂದಿರುವ ಕೆಲಸ ಬ್ಯಾಕ್ಟೀರಿಯಾದಿಂದ ಮರಳನ್ನು ಕಲ್ಲಾಗಿಸುವುದು. ಇದರ ರಸಾಯನಶಾಸ್ತ್ರದ ಅರ್ಧ ಭಾಗ ನಮ್ಮ ರೈತರಿಗೆ ಮೂಗಿನಿಂದಲೇ ಗೊತ್ತು. ಒದ್ದೆ ನೆಲದ ಮೇಲೆ ಯೂರಿಯಾ ಎರಚಿ ಬಿಟ್ಟರೆ ಒಂದೆರಡು ದಿನದಲ್ಲಿ ಅಮೋನಿಯಾದ ಘಾಟು ಬರುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆಯುವುದರಿಂದ ಏಳುವ ವಾಸನೆ ಅದು. ಒಡೆದಾಗ ಎರಡು ವಸ್ತು ಹುಟ್ಟುತ್ತವೆ: ಒಂದು ಅಮೋನಿಯಂ, ಇನ್ನೊಂದು ಕಾರ್ಬೊನೇಟ್. ಆ ಹೊತ್ತಿಗೆ ನೀರಿನಲ್ಲಿ ಕ್ಯಾಲ್ಸಿಯಂ ಕರಗಿದ್ದರೆ ಕಾರ್ಬೊನೇಟ್ ಅದನ್ನು ಹಿಡಿದು ಕ್ಯಾಲ್ಸೈಟ್ ಹರಳಾಗುತ್ತದೆ. ಸುಣ್ಣಕಲ್ಲಿನಲ್ಲಿರುವುದೂ ಇದೇ ಖನಿಜ.

ಕೆಲಸಕ್ಕೆ ಹೆಚ್ಚಾಗಿ ಬಳಸುವ ಬ್ಯಾಕ್ಟೀರಿಯಾ ಸ್ಪೊರೊಸಾರ್ಸಿನಾ ಪಾಶ್ಚೂರಿ. ಮಣ್ಣಿನಲ್ಲಿ ತಾನಾಗಿ ಇರುವ, ರೋಗ ತರದ ಜೀವಿ. ಮೊದಲು ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಕೊಳವೆಯ ಮೂಲಕ ಮರಳಿನೊಳಕ್ಕೆ ಬಿಡುತ್ತಾರೆ. ಅವು ಕಣಗಳಿಗೆ ಅಂಟಿಕೊಳ್ಳಲು ಸಮಯ ಕೊಟ್ಟು, ಬಳಿಕ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರನ್ನು ಕಂತು ಕಂತಾಗಿ ಹರಿಸುತ್ತಾರೆ. ಯೂರಿಯಾ ಒಡೆದಂತೆ ನೀರು ಕ್ಷಾರವಾಗುತ್ತದೆ, ಬ್ಯಾಕ್ಟೀರಿಯಾದ ಮೈಮೇಲೇ ಹರಳು ಕಟ್ಟತೊಡಗುತ್ತದೆ. ಕೊನೆಗೆ ಆ ಜೀವಿ ತಾನು ಕಟ್ಟಿದ ಹರಳಿನೊಳಗೇ ಮುಚ್ಚಿಹೋಗಿ ಸಾಯುತ್ತದೆ. ಬ್ಯಾಕ್ಟೀರಿಯಾ ಹೆಚ್ಚಾಗಿ ತಂಗುವುದು ಕಣಗಳು ತಾಗುವ ಇಕ್ಕಟ್ಟಿನಲ್ಲಿ, ನೀರಿನ ಸೆಳೆತ ಕಡಿಮೆ ಇರುವಲ್ಲಿ. ಹಾಗಾಗಿ ಹರಳು ಕೂಡ ಬೇಕಾದ ಜಾಗದಲ್ಲೇ ಬೀಳುತ್ತದೆ. ಮರಳು ಪೂರ್ತಿ ನೀರಿನಲ್ಲಿ ಮುಳುಗಿರದೆ ಬರೀ ಒದ್ದೆಯಾಗಿದ್ದರೆ ಇನ್ನೂ ಅನುಕೂಲ. ಆಗ ನೀರು ನಿಲ್ಲುವುದೇ ಕಣ ಕಣ ತಾಗುವ ಮೂಲೆಯಲ್ಲಿ. ಕಡಿಮೆ ಕ್ಯಾಲ್ಸೈಟಿನಿಂದಲೇ ಹೆಚ್ಚು ಬಲ ಬರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಸಂದುಗಳು ಬಹುಮಟ್ಟಿಗೆ ತೆರೆದೇ ಇರುವುದರಿಂದ ನೀರು ಇಂಗುತ್ತಲೇ ಇರುತ್ತದೆ. ಸಿಮೆಂಟ್ ತುಂಬಿದ ನೆಲದಲ್ಲಿ ಈ ಗುಣ ಸಿಗದು.

ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಸಾಧಿಸಿದ್ದನ್ನು ಬಯಲಿನಲ್ಲಿ ಸಾಧಿಸುವುದು ಬೇರೆಯೇ ಕೆಲಸ. ನೆದರ್ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಲಿಯಾನ್ ವಾನ್ ಪಾಸೆನ್ ಮತ್ತು ಸಂಗಡಿಗರು 100 ಘನ ಮೀಟರ್ ಮರಳಿನ ಮೇಲೆ ಈ ವಿಧಾನ ಪ್ರಯೋಗಿಸಿದರು. ಸಡಿಲ ಮರಳನ್ನು ತೊಳೆದು ತೆಗೆದಾಗ ಒಳಗೆ ನಿಜವಾಗಿಯೂ ಕಲ್ಲಾದ ದೊಡ್ಡ ರಾಶಿ ಸಿಕ್ಕಿತು. ಆದರೆ ಅದರ ಬಲ ಒಂದೊಂದು ಕಡೆ ಒಂದೊಂದು ಥರ: ಒಂದು ತುಂಡು 0.7 ಮೆಗಾಪಾಸ್ಕಲ್‌ಗೇ ಒಡೆದರೆ ಇನ್ನೊಂದು 12.4 ಮೆಗಾಪಾಸ್ಕಲ್ ತಡೆಯಿತು. ನೀರು ಹರಿದ ದಾರಿಯಲ್ಲಿ ಹರಳು ಹೆಚ್ಚು, ಮೂಲೆಗಳಲ್ಲಿ ಕಡಿಮೆ. ಎಂಜಿನಿಯರ್ ಒಬ್ಬರು ಇದರ ಮೇಲೆ ಲೆಕ್ಕ ಹಾಕುವುದಾದರೆ ಅತಿ ಕಡಿಮೆ ಬಲವನ್ನೇ ನಂಬಬೇಕಾಗುತ್ತದೆ. ದ್ರಾವಣವನ್ನು ಮೊದಲಿಗೆ ಸ್ವಲ್ಪ ಆಮ್ಲೀಯವಾಗಿಟ್ಟು, ಅದು ದೂರ ಹರಿದ ಮೇಲೆ ಹರಳು ಕಟ್ಟಲು ಶುರುವಾಗುವಂತೆ ಮಾಡುವ ಉಪಾಯ ಬಂದ ಮೇಲೆ ಈ ತೊಂದರೆ ಸ್ವಲ್ಪ ಇಳಿದಿದೆ. 2010ರ ಹೊತ್ತಿಗೆ ಅದೇ ದೇಶದಲ್ಲಿ ಅನಿಲ ಪೈಪ್‌ಲೈನ್‌ಗಾಗಿ ನೆಲದಡಿ ಅಡ್ಡ ಕೊರೆಯುವಾಗ, ಜಲ್ಲಿಪದರ ಕುಸಿಯದಂತೆ ತಡೆಯಲು ಬ್ಯಾಕ್ಟೀರಿಯಾವನ್ನು ನಿಜವಾದ ಕಾಮಗಾರಿಯಲ್ಲೇ ಬಳಸಿದರು. ಅಲ್ಲಿ ಜಲ್ಲಿ ಕಲ್ಲಾಗಬೇಕಿರಲಿಲ್ಲ, ಕೊರೆದ ರಂಧ್ರ ಮುಚ್ಚಿಕೊಳ್ಳದಿದ್ದರೆ ಸಾಕಿತ್ತು. ಅಲ್ಪ ಬಲ ಸಾಕಾಗುವ ಕೆಲಸಕ್ಕೇ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಬ್ಯಾಕ್ಟೀರಿಯಾ ಬಿಟ್ಟು ಕಿಣ್ವವನ್ನಷ್ಟೇ ಬಳಸುವ ದಾರಿಯೂ ಇದೆ. ಜ್ಯಾಕ್ ಬೀನ್ ಎಂಬ ದೊಡ್ಡ ಅವರೆ ಜಾತಿಯ ಕಾಳಿನಲ್ಲಿ ಯೂರಿಯೇಸ್ ಹೇರಳ. ಜೇಮ್ಸ್ ಸಮ್ನರ್ 1926ರಲ್ಲಿ ಹರಳಾಗಿ ಬೇರ್ಪಡಿಸಿದ ಮೊತ್ತಮೊದಲ ಕಿಣ್ವ ಇದೇ ಕಾಳಿನದು. ಅವರಿಗೆ 1946ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕಲ್ಲಂಗಡಿ ಬೀಜದಲ್ಲೂ ಈ ಕಿಣ್ವವಿದೆ. ಕಿಣ್ವದ ಅಣು ಬ್ಯಾಕ್ಟೀರಿಯಾಕ್ಕಿಂತ ನೂರು ಪಟ್ಟು ಸಣ್ಣದಾದ್ದರಿಂದ ಸಣ್ಣ ಕಣದ ಹೂಳುಮಣ್ಣಿನೊಳಕ್ಕೂ ಇಳಿಯುತ್ತದೆ. ಅರಿಜೋನಾದ ತಂಡ ಇದನ್ನು ಗಾಳಿಗೆ ಹಾರುವ ದೂಳನ್ನು ತಡೆಯಲು ಪರೀಕ್ಷಿಸಿತು: ನೆಲದ ಮೇಲೆ ಸಿಂಪಡಿಸಿದರೆ ತೆಳುವಾದ ಹೆಪ್ಪು ಕಟ್ಟುತ್ತದೆ. ನಮ್ಮಲ್ಲಿ ಇನ್ನೂ ದೂರದ ಕನಸೊಂದಕ್ಕೆ ಇದೇ ರಸಾಯನಕ್ರಿಯೆ ಒದಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮತ್ತು ಇಸ್ರೊ ವಿಜ್ಞಾನಿಗಳು 2020ರಲ್ಲಿ, ಚಂದ್ರನ ಮಣ್ಣನ್ನು ಹೋಲುವಂತೆ ತಯಾರಿಸಿದ ಪುಡಿಗೆ ಸ್ಪೊರೊಸಾರ್ಸಿನಾ ಪಾಶ್ಚೂರಿ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಗೋರಿಕಾಯಿ ಬೀಜದ ಗೋಂದು ಸೇರಿಸಿ ಇಟ್ಟಿಗೆ ಕಟ್ಟಿ ತೋರಿಸಿದರು.

ಇಷ್ಟು ಓದಿದವರಿಗೆ ಇದು ಪರಿಸರಸ್ನೇಹಿ ಎಂದು ಅನ್ನಿಸಿಯೇ ಅನ್ನಿಸುತ್ತದೆ. ಲೆಕ್ಕ ಹಾಕಿಯೇ ನೋಡೋಣ. 60 ಗ್ರಾಂ ಯೂರಿಯಾ, 111 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಸೇರಿದರೆ 100 ಗ್ರಾಂ ಕ್ಯಾಲ್ಸೈಟ್ ಸಿಗುತ್ತದೆ. ಜೊತೆಗೆ 107 ಗ್ರಾಂ ಅಮೋನಿಯಂ ಕ್ಲೋರೈಡ್ ಉಳಿಯುತ್ತದೆ. ಒಂದು ಘನ ಮೀಟರ್ ಮರಳು ಸುಮಾರು 1600 ಕಿಲೋ. ಅದರಲ್ಲಿ ಶೇ. 5ರಷ್ಟು, ಅಂದರೆ 80 ಕಿಲೋ ಕ್ಯಾಲ್ಸೈಟ್ ಕಟ್ಟಬೇಕಾದರೆ 48 ಕಿಲೋ ಯೂರಿಯಾ ಬೇಕು. ಅಂಗಡಿಯಲ್ಲಿ ಸಿಗುವ 45 ಕಿಲೋ ಚೀಲ ಒಂದಕ್ಕಿಂತ ಹೆಚ್ಚು! ಕ್ಯಾಲ್ಸಿಯಂ ಕ್ಲೋರೈಡ್ 89 ಕಿಲೋ. ಕೆಲಸ ಮುಗಿದಾಗ ನೆಲದಲ್ಲಿ ಉಳಿಯುವ ಅಮೋನಿಯಂ ಉಪ್ಪು 86 ಕಿಲೋ. ಕುಡಿಯುವ ನೀರಿನಲ್ಲಿ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ಮಣ್ಣಿನ ಇತರ ಬ್ಯಾಕ್ಟೀರಿಯಾ ಈ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಅದರ ಮಿತಿ 45 ಮಿಲಿಗ್ರಾಂ. ಬೋರ್‌ವೆಲ್ ನೀರು ಕುಡಿಯುವ ಊರಿನ ಪಕ್ಕ ಈ ಉಪ್ಪನ್ನು ತೊಳೆದು ಹೊರತೆಗೆಯದೆ ಬಿಡುವುದು ಅಪರಾಧವೇ ಸರಿ. ಯೂರಿಯಾ ಕೂಡ ಗಾಳಿಯಲ್ಲಿ ಬರುವುದಿಲ್ಲ, ನೈಸರ್ಗಿಕ ಅನಿಲ ಬಳಸಿ ಕಾರ್ಖಾನೆಯಲ್ಲಿ ಮಾಡಿದ್ದು. ರೈತರ ಸಬ್ಸಿಡಿ ಯೂರಿಯಾವನ್ನು ಇಂಥ ಕೆಲಸಕ್ಕೆ ತಿರುಗಿಸುವಂತಿಲ್ಲ. ಕೈಗಾರಿಕಾ ದರ್ಜೆಯದನ್ನೇ ಕೊಳ್ಳಬೇಕು, ಬೆಲೆ ಬಹಳ ಹೆಚ್ಚು. ಹೀಗಾಗಿ ‘ಜೈವಿಕ’ ಎಂಬ ಹೆಸರು ಕಂಡೊಡನೆ ಒಳ್ಳೆಯದೆಂದು ನಂಬದೆ, ಎಷ್ಟು ಕ್ಯಾಲ್ಸೈಟ್ ಸಾಕು, ಉಪ್ಪು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು.

ಎರೆಮಣ್ಣಿನ ಸೀಮೆಯವರಿಗೆ ಇನ್ನೊಂದು ಮಾತು. ವಿಜಯಪುರ, ಕಲಬುರಗಿ, ಧಾರವಾಡದ ಕಪ್ಪು ನೆಲದಲ್ಲಿ ಬ್ಯಾಕ್ಟೀರಿಯಾದ ವಿಧಾನ ನಡೆಯುವುದು ಕಷ್ಟ. ಜೇಡಿಯ ಸಂದುಗಳು ಬ್ಯಾಕ್ಟೀರಿಯಾ ನುಸುಳಲಾರದಷ್ಟು ಕಿರಿದು. ಆ ನೆಲಕ್ಕೆ ಸುಣ್ಣ ಬೆರೆಸುವ ಹಳೆಯ ವಿಧಾನ ಮತ್ತು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್‌ಗಳೇ ಇಂದಿಗೂ ನಂಬಿಕೆಯವು.

ಅಮೋನಿಯಂ ತೊಂದರೆಯೇ ಇಲ್ಲದ ಮತ್ತೊಂದು ಬ್ಯಾಕ್ಟೀರಿಯಾ ಕೆಲಸ ಭೂಕಂಪಕ್ಕೆ ಸಂಬಂಧಿಸಿದ್ದು. ಗಾಳಿ ತೆಗೆದು ಬಿಗಿದ ಕಾಫಿಪುಡಿಯ ಪೊಟ್ಟಣ ಇಟ್ಟಿಗೆಯಷ್ಟು ಗಟ್ಟಿ ಇರುತ್ತದೆ. ಒಂದು ತೂತು ಮಾಡಿದರೆ ಅದೇ ಪುಡಿ ಸಡಿಲ. ಕಣಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಬಲ ಇರುವವರೆಗೆ ಮಾತ್ರ ಮಣ್ಣಿಗೆ ಗಟ್ಟಿತನ. ನೀರು ತುಂಬಿದ ಸಡಿಲ ಮರಳು ಅಲುಗಾಡಿದಾಗ ಕಣಗಳು ಹತ್ತಿರ ಕೂರಲು ನೋಡುತ್ತವೆ. ಸಂದಿನ ನೀರಿಗೆ ಓಡಲು ಸಮಯವಿಲ್ಲ, ಕುಗ್ಗುವುದೂ ಗೊತ್ತಿಲ್ಲ. ಅದರ ಒತ್ತಡ ಏರಿ ಕಣಗಳ ಹಿಡಿತ ಬಿಟ್ಟುಹೋಗುತ್ತದೆ, ನೆಲ ದ್ರವದಂತೆ ಹರಿಯುತ್ತದೆ. 1964ರಲ್ಲಿ ಜಪಾನಿನ ನಿಗಾಟದಲ್ಲಿ ಗೋಡೆಯೂ ಬಿರಿಯದ ವಸತಿ ಕಟ್ಟಡಗಳು ಹಾಗೆಯೇ ಪಕ್ಕಕ್ಕೆ ಮಲಗಿದ್ದು ಇದರಿಂದ. 2001ರ ಭುಜ್ ಭೂಕಂಪದಲ್ಲಿ ಕಛ್‌ನ ಹಲವು ಮಣ್ಣಿನ ಅಣೆಕಟ್ಟುಗಳ ತಳ ಸಡಿಲಿದ್ದೂ ಇದರಿಂದಲೇ.

ಇದಕ್ಕೆ ಮದ್ದು ಒಂದಿಷ್ಟು ಗುಳ್ಳೆ. ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಬದುಕಬಲ್ಲ ಕೆಲವು ಬ್ಯಾಕ್ಟೀರಿಯಾ ನೈಟ್ರೇಟ್ ಬಳಸಿ ಸಾರಜನಕ ಅನಿಲ ಬಿಡುತ್ತವೆ. ಹೊರಗಿನಿಂದ ಜೀವಿ ತರಬೇಕಿಲ್ಲ. ನೆಲದಲ್ಲಿರುವವಕ್ಕೇ ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಅಸಿಟೇಟ್ ಉಣಿಸಿದರೆ ಸಾಕು. ಸಂದಿನ ನೀರಿನಲ್ಲಿ ನೂರಕ್ಕೆ ಕೆಲವು ಭಾಗ ಅನಿಲವಾದರೂ ಅಲುಗಾಟದ ಹೊತ್ತಿನಲ್ಲಿ ಗುಳ್ಳೆಗಳು ಕುಗ್ಗಿ ಜಾಗ ಬಿಡುತ್ತವೆ, ಒತ್ತಡ ಅಷ್ಟಾಗಿ ಏರುವುದಿಲ್ಲ. ಭೂಕಂಪದ ಭಯವಿರುವ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನದಿಯ ಹೂಳುಮಣ್ಣಿನ ಮೇಲೆ ಇದರ ಬಯಲು ಪ್ರಯೋಗ ನಡೆದಿದೆ. ಈಗಾಗಲೇ ಕಟ್ಟಡ ನಿಂತಿರುವ ನೆಲದ ಕೆಳಗೆ ರೋಲರ್ ಹೊಡೆಯಲಾಗದು, ಪೈಲ್ ಬಡಿಯಲಾಗದು. ಅಲ್ಲಿ ಕೊಳವೆಯಿಂದ ನೀರು ಹರಿಸುವುದಷ್ಟೇ ಸಾಧ್ಯ. ಈ ವಿಧಾನದ ನಿಜವಾದ ಬೆಲೆ ಇರುವುದು ಆ ಜಾಗದಲ್ಲಿ. ಕೊಟ್ಟ ನೈಟ್ರೇಟ್ ಪೂರ್ತಿ ಖರ್ಚಾಯಿತೇ ಎಂದು ಅಳೆದು ನೋಡುವುದು ಮಾತ್ರ ತಪ್ಪಬಾರದು.

ಜೀವಿಗಳ ರಸಾಯನದಂತೆ ಅವುಗಳ ಮೈಕಟ್ಟೂ ಪಾಠವಾಗಿದೆ. ಇದು ಹೊಸ ಯೋಚನೆಯೇನಲ್ಲ. ಹಡಗಿನ ಮರವನ್ನು ಕೊರೆಯುತ್ತ, ಹಿಂದೆಯೇ ಸುಣ್ಣದ ಲೇಪ ಬಳಿಯುತ್ತ ಸಾಗುವ ಹಡಗುಹುಳುವನ್ನು ನೋಡಿ ಮಾರ್ಕ್ ಬ್ರೂನೆಲ್ 1818ರಲ್ಲಿ ಸುರಂಗದ ಕವಚಕ್ಕೆ ಪೇಟೆಂಟ್ ಪಡೆದರು. ಅದೇ ಕ್ರಮದಲ್ಲಿ ಲಂಡನ್ನಿನ ಥೇಮ್ಸ್ ನದಿಯಡಿ 1825ರಿಂದ 1843ರವರೆಗೆ ಸುರಂಗ ಕೊರೆದರು. ಬೆಂಗಳೂರಿನ ನಮ್ಮ ಮೆಟ್ರೊಗೆ ನೆಲದಡಿ ಕೊರೆದ ಯಂತ್ರಗಳು ಆ ಕವಚದ ವಂಶದವೇ. ಈಗ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಅಲೆಹಾಂದ್ರೊ ಮಾರ್ಟಿನೆಜ್ ಅವರ ತಂಡ ಹಾವಿನ ಹೊಟ್ಟೆಯ ಹುರುಪೆಗಳನ್ನು ಅಳೆದು ಪೈಲ್‌ನ ಮೈಗೆ ತರುತ್ತಿದೆ. ಹುರುಪೆ ಒಂದು ದಿಕ್ಕಿಗೆ ನಯ, ಎದುರು ದಿಕ್ಕಿಗೆ ತಡೆ. ಅಂಥ ಪೈಲ್ ಕೆಳಗಿಳಿಯುವಾಗ ಕಡಿಮೆ ಬಲ ಕೇಳುತ್ತದೆ, ಮೇಲೆಳೆದರೆ ಹೆಚ್ಚು ಹಿಡಿಯುತ್ತದೆ. ಗಾಳಿಗೆ ತೊನೆಯುವ ಎತ್ತರದ ಗೋಪುರಗಳಿಗೆ ಬೇಕಾದದ್ದು ಇದೇ ಗುಣ. ಕಡಲ ಮರಳಿನಲ್ಲಿ ಹೂತು ಬದುಕುವ ರೇಜರ್ ಕ್ಲಾಮ್ ಎಂಬ ಉದ್ದ ಚಿಪ್ಪಿನದು ಇನ್ನೊಂದು ಉಪಾಯ. ಅದರ ಬಲ ಸುಮಾರು 10 ನ್ಯೂಟನ್. ಆ ಬಲದಲ್ಲಿ ಒಂದೆರಡು ಸೆಂಟಿಮೀಟರ್‌ಗಿಂತ ಆಳ ಹೋಗಲಾಗದು. ಆದರೂ ಅದು 70 ಸೆಂಟಿಮೀಟರ್ ಇಳಿಯುತ್ತದೆ. ಚಿಪ್ಪನ್ನು ತಟಕ್ಕನೆ ಕುಗ್ಗಿಸಿ ಸುತ್ತಲಿನ ಮರಳನ್ನು ಸಡಿಲ ಕೆಸರಾಗಿಸಿಕೊಂಡು ಅದರೊಳಗೆ ಜಾರುವುದು ಅದರ ಗುಟ್ಟು. ಎಂಐಟಿಯ ಅಮೋಸ್ ವಿಂಟರ್ ಇದನ್ನೇ ಅನುಕರಿಸಿ ರೊಬೊಕ್ಲಾಮ್ ಎಂಬ ಯಂತ್ರ ಮಾಡಿದರು.

ಇವೆಲ್ಲ ನಮ್ಮ ಊರಿಗೆ ಬರಲು ಇನ್ನೂ ಸಮಯ ಬೇಕು. ಬೇರು ಮಾತ್ರ ಈಗಲೇ ಕೈಗೆ ಸಿಗುವಂಥದ್ದು, ಅದೂ ನಮ್ಮ ನೆಲದ್ದೇ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಗಡಿಗೆ ಲಾವಂಚದ ಸಾಲು ನೆಟ್ಟು ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡು ಬಂದಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿ ತಡೆಗೆ ಈ ಹುಲ್ಲನ್ನು ಎತ್ತಿಹಿಡಿದು ಜಗತ್ತಿಗೆಲ್ಲ ಪರಿಚಯಿಸಿದಾಗ ಇಲ್ಲಿನ ಸಾಲುಗಳು ಅವರಿಗೆ ಕಣ್ಣೆದುರಿನ ಸಾಕ್ಷಿಯಾದವು. ಇಂದು ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂಗಳಲ್ಲಿ ಹೆದ್ದಾರಿಯ ಇಳಿಜಾರುಗಳನ್ನು ಲಾವಂಚ ಕಾಯುತ್ತಿದೆ. ಅದರ ಬೇರು ಅಡ್ಡ ಹರಡದೆ ನೇರ 3 ಮೀಟರ್ ಅಥವಾ ಇನ್ನೂ ಆಳಕ್ಕೆ ಇಳಿಯುತ್ತದೆ. ಬೇರಿನ ಎಳೆತದ ಬಲ ಸರಾಸರಿ 75 ಮೆಗಾಪಾಸ್ಕಲ್, ಮೃದು ಉಕ್ಕಿನ ಆರನೆಯ ಒಂದು ಭಾಗದಷ್ಟು ಎಂದು ಮಲೇಷ್ಯಾದ ಪರೀಕ್ಷೆಗಳು ಹೇಳಿವೆ. ಬೇರು ಎರಡು ರೀತಿ ಕೆಲಸ ಮಾಡುತ್ತದೆ: ಜಾರಲು ಹೊರಟ ಪದರವನ್ನು ಕೆಳಗಿನ ಗಟ್ಟಿ ಪದರಕ್ಕೆ ಹೊಲಿದು ಹಿಡಿಯುತ್ತದೆ, ನೀರು ಹೀರಿ ಕಣಗಳ ಹಿಡಿತ ಹೆಚ್ಚಿಸುತ್ತದೆ.

ನೆಡುವ ಕ್ರಮ ಸರಳ. ಬೀಜ ಕಟ್ಟದ ದಕ್ಷಿಣ ಭಾರತದ ತಳಿಯನ್ನೇ ತನ್ನಿ, ಹೊಲಕ್ಕೆ ಕಳೆಯಾಗಿ ಹರಡದು. ಬುಡವನ್ನು ತೆಂಡೆಗಳಾಗಿ ಸೀಳಿ, ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ, ಇಳಿಜಾರಿಗೆ ಅಡ್ಡವಾಗಿ ಸಮಮಟ್ಟದ ಗೆರೆಯಲ್ಲಿ 10–15 ಸೆಂಟಿಮೀಟರಿಗೊಂದರಂತೆ ನೆಡಿ. ಸಾಲಿಂದ ಸಾಲಿಗೆ ಒಂದರಿಂದ ಎರಡು ಮೀಟರ್ ಎತ್ತರದ ಅಂತರ ಇರಲಿ. ಮಧ್ಯೆ ಒಂದು ತೆಂಡೆ ಸತ್ತರೂ ನೀರು ಅಲ್ಲಿಂದಲೇ ಕೊರೆಯುತ್ತದೆ, ಕೂಡಲೇ ತುಂಬಿಸಿ. ಲಾವಂಚಕ್ಕೆ ನೆರಳು ಆಗದು. ಕಾಫಿ ತೋಟದ ದಟ್ಟ ಮರಗಳಡಿ ನೆಟ್ಟು ಸತ್ತುಹೋಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ಮೊದಲ ಮಳೆಗಾಲಕ್ಕೆ ಬೇರು ಇನ್ನೂ ಎಳೆಯದು, ಆವರೆಗೆ ಬರಿ ಮಣ್ಣಿನ ಮೇಲೆ ತೆಂಗಿನ ನಾರಿನ ಜಾಲ ಹಾಸಿದರೆ ಒಳ್ಳೆಯದು.

ಆದರೆ ಬೇರಿಗೂ ಮಿತಿಯಿದೆ, ಮತ್ತು ಆ ಮಿತಿ ಪ್ರಾಣದ ವಿಷಯ. ಮೇಲಿನ ಒಂದೆರಡು ಮೀಟರ್ ಪದರ ಜಾರುವುದನ್ನು ಅದು ತಡೆಯಬಲ್ಲದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಆದಂತೆ ಗುಡ್ಡವೇ ಕುಸಿಯುವಾಗ ಯಾವ ಹುಲ್ಲೂ ಅದನ್ನು ಹಿಡಿದು ನಿಲ್ಲಿಸಲಾರದು. ಬುಡ ನೆಟ್ಟಗೆ ಕಡಿದ ಗುಡ್ಡಕ್ಕೆ ಮೇಲೆ ಲಾವಂಚ ನೆಟ್ಟು ನಿಶ್ಚಿಂತೆಯಿಂದ ಕೂರುವುದು ಅಪಾಯ.

ಮನೆಗೋ ರಸ್ತೆಗೋ ಗುಡ್ಡ ಕಡಿಯಲೇಬೇಕಾದವರಲ್ಲಿ ನನ್ನ ಕೋರಿಕೆ ಇಷ್ಟು. ಕಡಿಯುವ ಮೊದಲೇ ಮೇಲಿನ ನೀರು ಬೇರೆ ಕಡೆ ಹರಿಯುವಂತೆ ಚರಂಡಿ ತೋಡಿ. ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಬಿಡಿ. ಜೆಸಿಬಿ ಹಿಂದಿರುಗಿದ ಮೇಲೆ ಮುಂದಿನ ವರ್ಷ ನೋಡೋಣ ಎನ್ನದೆ ಆ ಮುಂಗಾರಿನ ಮೊದಲ ಮಳೆಗೇ ಲಾವಂಚ ನೆಡಿ. ಗುಡ್ಡದ ತಲೆಯಲ್ಲಿ ಉದ್ದ ಬಿರುಕು ಕಂಡರೆ, ಮರಗಳು ಒಂದೇ ಕಡೆ ವಾಲಿದರೆ, ಬುಡದಲ್ಲಿ ಹೊಸದಾಗಿ ಕೆಸರುನೀರು ಒಸರಿದರೆ ಗಿಡ, ಗೋಡೆಗಳ ಯೋಚನೆ ಬಿಟ್ಟು ಮನೆಯವರನ್ನು ಹೊರಗೆ ಕಳಿಸಿ, ತಾಲ್ಲೂಕು ಕಚೇರಿಗೆ ತಿಳಿಸಿ.